ಆಶುಭಾಷಣ ಸ್ಪರ್ಧೆಯಲ್ಲಿ ಕಟ್ಟು ಮತ್ತು ಶೈಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಶಾಲಾ ವಲಯದಲ್ಲಿ ಎಕ್ಸ್‌ಟೆಂಪ್ ಎಂದು ಕರೆಯುವ ಆಶುಭಾಷಣ ಸ್ಪರ್ಧೆಗೆ ಹೊಸದಾಗಿ ಬಂದವರು, ಅವರ ತಂದೆತಾಯಂದಿರು, ಹಾಗೆಯೇ ಒಂದೆರಡು ವರ್ಷ ಪಳಗಿದ ಮೇಲೆ ಮುಂದಕ್ಕೆ ಹೋಗಲಾಗದೆ ನಿಂತುಬಿಟ್ಟವರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲಿಯೇ ಇಲ್ಲಿ ಕೊಟ್ಟಿದ್ದೇನೆ. ಕಟ್ಟು ಎಂದರೆ ಭಾಷಣದ ಭಾಗಗಳು ಒಂದಕ್ಕೊಂದು ಕೂಡಿಕೊಂಡಿರುವ ಬಗೆ. ಶೈಲಿ ಎಂದರೆ ಮಾತಿನ ಮತ್ತು ಮೈಯ ನಡೆ. ಎರಡನ್ನೂ ಬೇರೆ ಬೇರೆ ಕಲಿಸುವುದು ವಾಡಿಕೆಯಾದರೂ ಶೈಲಿಯ ದೋಷವೆಂದು ನನ್ನ ಬಳಿ ಬಂದ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೆನ್ನುಹತ್ತಿ ನೋಡಿದಾಗ ಕಟ್ಟಿನ ದೋಷಗಳಾಗಿಯೇ ಕಂಡಿವೆ.

## ಮೊದಲ ಹೆಜ್ಜೆಯವರಿಗೆ

ಎಕ್ಸ್‌ಟೆಂಪ್ ಎಂದರೆ ಚೀಟಿ ಎತ್ತಿದ ತಕ್ಷಣ ಮಾತನಾಡುವ ಆಶುಭಾಷಣ ತಾನೇ?

ಪೂರ್ತಿಯಾಗಿ ಅಲ್ಲ. ಚೀಟಿ ಎತ್ತಿ ಒಂದೆರಡು ನಿಮಿಷದಲ್ಲಿಯೇ ಬಾಯಿ ತೆರೆಯಬೇಕಾದ ಸ್ಪರ್ಧೆಯನ್ನು ಅಲ್ಲಿ ಇಂಪ್ರಾಂಪ್ಟು ಎಂದು ಪ್ರತ್ಯೇಕವಾಗಿಯೇ ಕರೆಯುತ್ತಾರೆ. ಎಕ್ಸ್‌ಟೆಂಪ್‌ನಲ್ಲಿ ಸ್ಪರ್ಧಿಯು ಪ್ರಚಲಿತ ವಿದ್ಯಮಾನಗಳ ಮೇಲಿನ ಮೂರು ಪ್ರಶ್ನೆಗಳನ್ನು ಎತ್ತಿ, ಅವುಗಳಲ್ಲಿ ಒಂದನ್ನು ಇಟ್ಟುಕೊಂಡು, 30 ನಿಮಿಷ ಸಿದ್ಧತೆ ಮಾಡಿಕೊಂಡು, ಅನಂತರ 7 ನಿಮಿಷಗಳ ಭಾಷಣದಲ್ಲಿ ಆ ಪ್ರಶ್ನೆಗೆ ಆಧಾರಸಹಿತ ಉತ್ತರ ಕೊಡಬೇಕು. ಈ ಮಾದರಿಯ ಸ್ಪರ್ಧೆಗಳನ್ನು ನಡೆಸುವ ದೊಡ್ಡ ಸಂಸ್ಥೆಯಾದ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ 1925ರಲ್ಲಿ ವಿಸ್ಕಾನ್ಸಿನ್‌ನ ರಿಪನ್ ಕಾಲೇಜಿನ ಬ್ರೂನೋ ಜೇಕಬ್ ಅವರಿಂದ ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂಬ ಹೆಸರಿನಲ್ಲಿ ಆರಂಭವಾಗಿ, 2014ರಲ್ಲಿ ಈಗಿನ ಹೆಸರನ್ನು ಪಡೆಯಿತು. ಅದರಲ್ಲಿ ಅಂತರರಾಷ್ಟ್ರೀಯ ವಿಷಯಗಳಿಗೆ ಒಂದು, ಅಮೆರಿಕದ ಆಂತರಿಕ ವಿಷಯಗಳಿಗೆ ಇನ್ನೊಂದು ವಿಭಾಗವಿದೆ. ಅದರ ರಾಷ್ಟ್ರೀಯ ಟೂರ್ನಮೆಂಟ್‌ನ ಈ ಎರಡು ವಿಭಾಗಗಳಲ್ಲಿಯೂ ಮಾತನಾಡುವಾಗ ಕೈಯಲ್ಲಿ ಟಿಪ್ಪಣಿ ಇರುವಂತಿಲ್ಲ.

ಇಲ್ಲಿ ಕೇಳುವುದು ಪ್ರಶ್ನೆ, ಕೊಡಬೇಕಾದದ್ದು ಉತ್ತರ. ವಿಷಯವೊಂದರ ಮೇಲೆ ಚೆನ್ನಾಗಿ ಮಾತನಾಡಿ ಬಂದರೆ ಸಾಲದು. ಈ ಒಂದು ವ್ಯತ್ಯಾಸ ತಲೆಗೆ ಇಳಿಯದ ಕಾರಣಕ್ಕೆ ಒಳ್ಳೆಯ ಮಾತುಗಾರರು ಮೊದಲ ವರ್ಷ ಸೋಲುವುದನ್ನು ಕಂಡಿದ್ದೇನೆ.

ಮೂರು ಪ್ರಶ್ನೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ನನಗೆ ಚೆನ್ನಾಗಿ ಗೊತ್ತಿರುವುದನ್ನೇ?

ಗೊತ್ತಿರುವುದು ಮತ್ತು ಉತ್ತರಿಸಬಲ್ಲದ್ದು ಒಂದೇ ಅಲ್ಲ. ಮೂರು ಚೀಟಿಗಳನ್ನೂ ಓದಿ, ಪ್ರತಿಯೊಂದಕ್ಕೂ "ಹೌದು" ಅಥವಾ "ಇಲ್ಲ" ಎಂದು ಹೇಳಿ, ಮುಂದೆ "ಏಕೆಂದರೆ" ಸೇರಿಸಿ ನೋಡಿ. ಆ ಏಕೆಂದರೆಯ ನಂತರ ಒಂದು ಸ್ಪಷ್ಟ ಕಾರಣ ಯಾವುದಕ್ಕೆ ಮೊದಲು ಹೊಳೆಯುತ್ತದೆಯೋ ಅದೇ ನಿಮ್ಮ ಪ್ರಶ್ನೆ. ಬಹಳ ಓದಿಕೊಂಡ ವಿಷಯದಲ್ಲಿ ಹೇಳಬೇಕಾದ್ದು ಹತ್ತಿರುತ್ತದೆ, ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲ, ಕೊನೆಗೆ ಭಾಷಣವು ಮಾಹಿತಿಯ ಮೂಟೆಯಾಗುತ್ತದೆ. ಈ ಆಯ್ಕೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

30 ನಿಮಿಷ ನನಗೆ ಯಾವತ್ತೂ ಸಾಲುವುದಿಲ್ಲ. ಎಲ್ಲರೂ ಹೇಗೆ ಹಂಚಿಕೊಳ್ಳುತ್ತಾರೆ?

ಸಾಲದೆ ಬರುವುದು ಸಾಮಾನ್ಯವಾಗಿ ಓದಿಗೆ ಮಿತಿ ಹಾಕಿಕೊಳ್ಳದ್ದರಿಂದ. ಹಿಂದೆ ಸ್ಪರ್ಧಿಗಳು ಪತ್ರಿಕೆಗಳ ತುಣುಕುಗಳನ್ನು ಫೈಲ್ ಮಾಡಿ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹೊತ್ತುಕೊಂಡು ಬರುತ್ತಿದ್ದರು. ಡಬ್ಬಿಯಲ್ಲಿ ಇದ್ದಷ್ಟೇ ಲೋಕವಾದ್ದರಿಂದ ಓದು ತಾನಾಗಿಯೇ ಮುಗಿಯುತ್ತಿತ್ತು. ಈಗ ಅನೇಕ ಕಡೆ ಲ್ಯಾಪ್‌ಟಾಪಿಗೂ ಇಂಟರ್‌ನೆಟ್ಟಿಗೂ ಅವಕಾಶ ಇರುವುದರಿಂದ ಓದು ಮುಗಿಯುವುದೇ ಇಲ್ಲ.

ನಾನು ಹೇಳಿಕೊಡುವ ಲೆಕ್ಕ ಹೀಗಿದೆ: ಪ್ರಶ್ನೆ ಆರಿಸಿ, ಅದರ ಮಾತುಗಳನ್ನು ಬಿಡಿಸಿ, ತಾತ್ಕಾಲಿಕ ಉತ್ತರವೊಂದನ್ನು ಬರೆಯಲು 4 ನಿಮಿಷ, ಆ ಉತ್ತರ ನಿಲ್ಲುತ್ತದೆಯೋ ಬೀಳುತ್ತದೆಯೋ ನೋಡಲು ಓದು 10 ನಿಮಿಷ, ಉತ್ತರವನ್ನು ತಿದ್ದಿ, ಅಂಶಗಳನ್ನು ಜೋಡಿಸಲು 4 ನಿಮಿಷ, ಉಳಿದ 12 ನಿಮಿಷ ಪೂರ್ತಿ ನಿಂತು, ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ. ಗೋಡೆಯ ಕಡೆ ಮುಖ ಮಾಡಿ ಗೊಣಗುತ್ತಿರುವ ಹತ್ತು ಮಂದಿಯನ್ನು ಸಿದ್ಧತಾ ಕೋಣೆಯಲ್ಲಿ ಕಂಡರೆ ಹೊಸಬರಿಗೆ ನಗು ಬರುವುದು ಸಹಜ, ಆದರೆ ಆ ಗೊಣಗಾಟವೇ ಅವರ ಸಿದ್ಧತೆಯ ಮುಖ್ಯ ಭಾಗ. ಕಣ್ಣಲ್ಲಿ ಓದಿದ ವಾಕ್ಯ ನಾಲಿಗೆಗೆ ಒಗ್ಗುತ್ತದೆಯೇ ಎಂಬುದು ನಾಲಿಗೆಯ ಮೇಲೆ ಹಾಕಿದಾಗ ಮಾತ್ರ ತಿಳಿಯುತ್ತದೆ.

## ಕಟ್ಟನ್ನು ಕುರಿತು

ಪೀಠಿಕೆಯಲ್ಲಿ ಏನೇನು ಇರಬೇಕು? ಎಷ್ಟು ಹೊತ್ತು?

ಒಂದು ನಿಮಿಷದಿಂದ ಒಂದೂವರೆ ನಿಮಿಷ. ಅಷ್ಟರಲ್ಲಿ ಕೇಳುಗರನ್ನು ಹಿಡಿದಿಡುವ ಒಂದು ಸಂಗತಿ, ಅದರಿಂದ ವಿಷಯಕ್ಕೆ ಕೊಂಡಿ, ಪ್ರಶ್ನೆ ಅರ್ಥವಾಗಲು ಬೇಕಾದಷ್ಟೇ ಹಿನ್ನೆಲೆ, ಈ ಪ್ರಶ್ನೆ ಈಗ ಏಕೆ ಮುಖ್ಯ ಎಂಬ ಮಾತು, ಚೀಟಿಯಲ್ಲಿದ್ದ ಪ್ರಶ್ನೆ ಒಂದಕ್ಷರವೂ ಬದಲಾಗದಂತೆ, ನಿಮ್ಮ ಉತ್ತರ, ಕೊನೆಗೆ ಮುಂದೆ ಬರಲಿರುವ ಅಂಶಗಳ ಮುನ್ನೋಟ ಬರಬೇಕು.

ಕಷ್ಟವಿರುವುದು ಮೊದಲ ಸಂಗತಿ ಮತ್ತು ಕೊಂಡಿಯ ನಡುವೆ. "ಪನಾಮಾ ಕಾಲುವೆಯ ನೀರಿನ ಬಿಕ್ಕಟ್ಟಿಗೆ ಪನಾಮಾ ಈ ದಶಕದೊಳಗೆ ಶಾಶ್ವತ ಪರಿಹಾರ ಕಂಡುಕೊಳ್ಳುವುದೇ?" ಎಂಬ ಪ್ರಶ್ನೆ ಬಂದಿದೆ ಎಂದುಕೊಳ್ಳಿ. ನೀರು ಜೀವಜಲ, ನೀರಿಲ್ಲದೆ ಬದುಕಿಲ್ಲ ಎಂದು ಆರಂಭಿಸಿದರೆ ಆ ವಾಕ್ಯವನ್ನು ಯಾವ ಭಾಷಣಕ್ಕೆ ಬೇಕಾದರೂ ಅಂಟಿಸಬಹುದು. ಅದರ ಬದಲು ಹೀಗೆ ಹೇಳಿ ನೋಡಿ: "2023ರ ನವೆಂಬರ್‌ನಲ್ಲಿ ಒಂದು ಕಂಪನಿ ತನ್ನ ಹಡಗನ್ನು ಸರದಿಯಲ್ಲಿ ಮುಂದಕ್ಕೆ ತರಲು ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರ್ ಕೊಟ್ಟಿತು. ಆ ಹಣದಿಂದ ಅದು ಕೊಂಡದ್ದು ವೇಗವನ್ನಲ್ಲ, ನೀರನ್ನು." ಸಂಗತಿ ವಿಷಯದ ಒಳಗಿನಿಂದಲೇ ಬಂದಿರುವುದರಿಂದ ಕೊಂಡಿ ಹಾಕುವ ಕೆಲಸವೇ ಉಳಿಯಲಿಲ್ಲ. ಹಿನ್ನೆಲೆಯೂ ಎರಡೇ ವಾಕ್ಯದಲ್ಲಿ ಮುಗಿಯುತ್ತದೆ: ಕಾಲುವೆ ನಡೆಯುವುದು ಗಾಟುನ್ ಸರೋವರದ ಸಿಹಿನೀರಿನಿಂದ, 2023ರ ಬರದಿಂದಾಗಿ ದಿನಕ್ಕೆ ಸುಮಾರು 36 ಇದ್ದ ಹಡಗುಗಳ ಸಂಖ್ಯೆಯನ್ನು 2024ರ ಆರಂಭದ ಹೊತ್ತಿಗೆ 24ಕ್ಕೆ ಇಳಿಸಬೇಕಾಯಿತು.

"ಹೌದು, ಆದರೆ..." ಎಂದು ಉತ್ತರಿಸಿದೆ. ತೀರ್ಪುಗಾರರು ಸ್ಪಷ್ಟತೆ ಇಲ್ಲ ಎಂದು ಬರೆದುಬಿಟ್ಟರು. ಸಮತೋಲನ ತಪ್ಪೇ?

ಸಮತೋಲನ ತಪ್ಪಲ್ಲ, ಅಡ್ಡಗೋಡೆಯ ಮೇಲೆ ದೀಪ ಇಡುವುದು ತಪ್ಪು. "ಹೌದು, ಆದರೆ ಸವಾಲುಗಳಿವೆ" ಎಂಬ ಉತ್ತರವನ್ನು ಯಾರೂ ಅಲ್ಲಗಳೆಯಲಾರರು; ಯಾರೂ ಅಲ್ಲಗಳೆಯಲಾಗದ ಮಾತಿಗೆ ಏಳು ನಿಮಿಷದ ಸಮರ್ಥನೆ ಬೇಕಾಗಿಲ್ಲ. ಷರತ್ತನ್ನು ಉತ್ತರದ ಒಳಗೆ ಸೇರಿಸಿ, ಅದಕ್ಕೆ ಹೆಸರು ಕೊಡಿ. ಪನಾಮಾದ ಪ್ರಶ್ನೆಗೆ "ಪ್ರಯತ್ನಗಳು ನಡೆದಿವೆ, ಆದರೂ ಕಷ್ಟ" ಎನ್ನುವ ಬದಲು "ಈ ದಶಕದೊಳಗೆ ಕಂಡುಕೊಳ್ಳುವುದಿಲ್ಲ, ಏಕೆಂದರೆ ಹಡಗಿಗೂ ನಗರದ ನಲ್ಲಿಗೂ ನೀರು ಬರುವುದು ಒಂದೇ ಮೂಲದಿಂದ, ಎರಡನೆಯ ಮೂಲ ಸಿದ್ಧವಾಗಲು ವರ್ಷಗಳು ಬೇಕು" ಎಂದರೆ ಒಪ್ಪುವುದಕ್ಕೂ ವಿರೋಧಿಸುವುದಕ್ಕೂ ಒಂದು ಹಿಡಿಕೆ ಸಿಗುತ್ತದೆ. ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಅಂಶಗಳನ್ನು ಜೋಡಿಸಲು ಹೋಗಬೇಡಿ. ಮತ್ತೆ ಓದಿಗೆ ಹೋಗಿ, ಎರಡು ನಿಮಿಷ ಹಾಳಾದರೂ ಚಿಂತೆಯಿಲ್ಲ.

ಮೂರು ಅಂಶಗಳೇ ಏಕೆ ಇರಬೇಕು? ಎರಡಾದರೆ ಅಂಕ ಕಡಿಮೆಯಾಗುತ್ತದೆಯೇ?

ಮೂರು ಎಂಬುದು ರೂಢಿ, ನಿಯಮವಲ್ಲ. ಏಳು ನಿಮಿಷದಲ್ಲಿ ಪೀಠಿಕೆ, ಮುಕ್ತಾಯ ಕಳೆದರೆ ಉಳಿಯುವುದು ಸುಮಾರು ಐದು ನಿಮಿಷ. ಅದು ಮೂರು ಅಂಶಗಳಿಗೆ ಹದವಾಗಿ ಒದಗುತ್ತದೆ, ಕೇಳುಗರ ನೆನಪಿಗೂ ಮೂರು ಭಾರವಲ್ಲ. ಎರಡೇ ಅಂಶಗಳಲ್ಲಿ ಗೆದ್ದವರನ್ನು ನೋಡಿದ್ದೇನೆ, ಆದರೆ ಅವರ ಎರಡು ಅಂಶಗಳೂ ಆಳವಾಗಿದ್ದವು.

ಎಷ್ಟು ಎನ್ನುವುದಕ್ಕಿಂತ ಅಂಶಗಳು ಪ್ರಶ್ನೆಯ ಎದುರು ಹೇಗೆ ನಿಂತಿವೆ ಎನ್ನುವುದೇ ಮುಖ್ಯ. ಪನಾಮಾದ ಪ್ರಶ್ನೆಗೆ ಹೊಸಬರು ಸಾಮಾನ್ಯವಾಗಿ ಮಾಡುವ ಜೋಡಣೆ ಹೀಗಿರುತ್ತದೆ: ಮೊದಲು ಕಾಲುವೆಯ ಇತಿಹಾಸ, ಎರಡನೆಯದಾಗಿ ಬರ, ಮೂರನೆಯದಾಗಿ ಪರಿಹಾರಗಳು. 1914ರಲ್ಲಿ ಕಾಲುವೆ ತೆರೆದದ್ದು, 1999ರ ಡಿಸೆಂಬರ್ 31ರಂದು ಅದು ಪನಾಮಾದ ಕೈಗೆ ಬಂದದ್ದು ಎಲ್ಲವೂ ನಿಜ. ಆದರೆ ಮೊದಲ ಎರಡು ಅಂಶಗಳು ಮುಗಿಯುವವರೆಗೆ ಪ್ರಶ್ನೆಗೆ ಉತ್ತರವೇ ಆರಂಭವಾಗಿಲ್ಲ. ನಾಲ್ಕು ನಿಮಿಷ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾಯಿತು.

ಅದೇ ಮಾಹಿತಿಯನ್ನು ಉತ್ತರದ ಕಡೆಯಿಂದ ಜೋಡಿಸಿದರೆ ಬೇರೆ ರೂಪ ಬರುತ್ತದೆ. ಒಂದು, ಕಾಲುವೆ ಮಳೆಯ ಮೇಲೆ ನಿಂತಿದೆ: ಹಡಗುಗಳನ್ನು ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಎತ್ತಿ ಇಳಿಸುವ ಲಾಕ್‌ಗಳು, ಅಂದರೆ ಗೇಟುಳ್ಳ ನೀರಿನ ತೊಟ್ಟಿಗಳು, ಪ್ರತಿ ಹಡಗಿಗೂ ಸುಮಾರು 20 ಕೋಟಿ ಲೀಟರ್ ಸಿಹಿನೀರನ್ನು ಸಮುದ್ರಕ್ಕೆ ಬಿಡುತ್ತವೆ. ಎರಡು, ಉಳಿತಾಯಕ್ಕೆ ಒಂದು ಮಿತಿಯಿದೆ: 2016ರಲ್ಲಿ ತೆರೆದ ಹೊಸ ಲಾಕ್‌ಗಳು ಶೇ. 60ರಷ್ಟು ನೀರನ್ನು ಮರುಬಳಸುತ್ತಿದ್ದರೂ ಬರ ಬಂದಾಗ ಸಂಚಾರ ಇಳಿಯಿತು, ಅದೇ ಸರೋವರದಿಂದ ಕುಡಿಯುವ ನೀರೂ ಹೋಗಬೇಕು. ಮೂರು, ಹೊಸ ಮೂಲಕ್ಕೆ ಕಾಲ ಹಿಡಿಯುತ್ತದೆ: ರಿಯೋ ಇಂಡಿಯೋ ನದಿಗೆ ಸುಮಾರು 160 ಕೋಟಿ ಡಾಲರ್ ವೆಚ್ಚದ ಅಣೆಕಟ್ಟು ಯೋಜಿತವಾಗಿದೆ, ಮುಳುಗಡೆಯಾಗುವ ಹಳ್ಳಿಗಳ ಜನರ ವಿರೋಧವೂ ಇದೆ. ಈಗ ಪ್ರತಿ ಅಂಶದ ಹಿಂದೆಯೂ "ಆದ್ದರಿಂದ ಈ ದಶಕದೊಳಗೆ ಆಗುವುದಿಲ್ಲ" ಎಂಬ ಮಾತನ್ನು ಸೇರಿಸಿ ನೋಡಿ. ಸೇರಿದರೆ ಕಟ್ಟು ಸರಿಯಿದೆ. ಯಾವ ಅಂಶಕ್ಕೆ ಆ ಮಾತು ಸೇರುವುದಿಲ್ಲವೋ ಆ ಅಂಶವನ್ನು, ಎಷ್ಟೇ ಚೆಂದದ ಮಾಹಿತಿ ಅದರಲ್ಲಿರಲಿ, ಬಿಟ್ಟುಬಿಡಿ.

ಒಂದೊಂದು ಅಂಶದ ಒಳಗೆ ಮತ್ತೆ ಏನನ್ನು ಜೋಡಿಸಬೇಕು?

ಸ್ಥಿತಿ ಏನಿದೆ ಎಂಬುದಕ್ಕೆ ಅರ್ಧ ಭಾಗ, ಅದರಿಂದ ಏನಾಗುತ್ತದೆ ಎಂಬುದಕ್ಕೆ ಇನ್ನರ್ಧ. ಮೊದಲ ಅರ್ಧದಲ್ಲಿ ಆಧಾರಗಳು ಬರುತ್ತವೆ, ಎರಡನೆಯ ಅರ್ಧದಲ್ಲಿ ನಿಮ್ಮ ತರ್ಕ. ಆಧಾರ ಹೇಳಿದ ಕೂಡಲೇ ಮುಂದಿನ ಅಂಶಕ್ಕೆ ಜಿಗಿಯುವುದು ಬಹಳ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದಾಗ ಪತ್ರಿಕೆಯ ಮಾತು ಕೇಳಿಸುತ್ತದೆ, ಸ್ಪರ್ಧಿಯ ಮಾತು ಕೇಳಿಸುವುದಿಲ್ಲ. ಅಂಶದ ಕೊನೆಯ ವಾಕ್ಯ ಪ್ರಶ್ನೆಯ ಪದಗಳನ್ನು ಮತ್ತೊಮ್ಮೆ ಮುಟ್ಟಬೇಕು.

"ಈಗ ನನ್ನ ಎರಡನೆಯ ಅಂಶಕ್ಕೆ ಬರೋಣ" ಎನ್ನುವುದು ಬಿಟ್ಟು ಬೇರೆ ದಾರಿ ಇಲ್ಲವೇ?

ಇದೆ, ಆದರೆ ಆ ವಾಕ್ಯವೂ ಅಪರಾಧವೇನಲ್ಲ. ಕೇಳುಗರಿಗೆ ದಾರಿಯ ಗುರುತು ಬೇಕು. ಗುರುತಿನ ಜೊತೆಗೆ ಕಾರಣವನ್ನೂ ಹೇಳುವ ಸೇತುವೆ ಇನ್ನೂ ಒಳ್ಳೆಯದು: "ಮಳೆಯನ್ನು ಹೆಚ್ಚಿಸಲು ಯಾರಿಂದಲೂ ಆಗದು; ಹಾಗಾದರೆ ಇರುವ ನೀರನ್ನು ಉಳಿಸಬಹುದಲ್ಲವೇ? ಎರಡನೆಯ ತೊಡಕು ಇರುವುದು ಅಲ್ಲಿಯೇ." ಇಲ್ಲಿ ಮೊದಲ ಅಂಶವೇ ಎರಡನೆಯದನ್ನು ಕರೆದುಕೊಂಡು ಬಂದಿದೆ. ಇಂಥ ಸೇತುವೆ ಹೊಳೆಯದಿದ್ದರೆ ಅಂಶಗಳ ಕ್ರಮವನ್ನು ಬದಲಿಸಿ ನೋಡಿ. ಯಾವ ಕ್ರಮದಲ್ಲಿಯೂ ಹೊಳೆಯದಿದ್ದರೆ ಆ ಎರಡು ಅಂಶಗಳು ಬೇರೆ ಬೇರೆ ಭಾಷಣಗಳಿಗೆ ಸೇರಿದವು.

ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ಸಮಯವೇ ಇರುವುದಿಲ್ಲ. ಏನು ಮಾಡಲಿ?

ಸಮಯಪಾಲಕರು ಬೆರಳೆತ್ತಿ ಉಳಿದ ನಿಮಿಷಗಳನ್ನು ತೋರಿಸುತ್ತಾರೆ, ಆದರೆ ಬೆರಳು ನೋಡಿ ಓಡುವುದಕ್ಕಿಂತ ಬೆರಳು ಏಳುವಾಗ ಎಲ್ಲಿರಬೇಕು ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು. ನಾಲ್ಕು ಬೆರಳು ಕಂಡಾಗ ಎರಡನೆಯ ಅಂಶ ಆರಂಭವಾಗಿರಬೇಕು, ಎರಡು ಕಂಡಾಗ ಮೂರನೆಯದರಲ್ಲಿ ಇರಬೇಕು, ಕೊನೆಯ ಅರ್ಧ ನಿಮಿಷ ಬಂದಾಗ ಮುಕ್ತಾಯದಲ್ಲಿರಬೇಕು. ಹಿಂದೆ ಬಿದ್ದಿದ್ದರೆ ವೇಗ ಹೆಚ್ಚಿಸಬೇಡಿ, ಒಂದು ಆಧಾರವನ್ನು ಕೈಬಿಡಿ. ನೀವು ಏನು ಬಿಟ್ಟಿರಿ ಎಂಬುದು ತೀರ್ಪುಗಾರರಿಗೆ ಗೊತ್ತಾಗದು, ಓಡಿದಿರಿ ಎಂಬುದು ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. 7 ನಿಮಿಷದ ಮೇಲೆ 30 ಸೆಕೆಂಡುಗಳ ವಿನಾಯಿತಿ ಇರುವ ಕಡೆಗಳಲ್ಲಿಯೂ ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಅದು ಎಡವಿದವರಿಗೆಂದು ಇಟ್ಟದ್ದು.

ಮುಕ್ತಾಯದಲ್ಲಿ ಎಲ್ಲವನ್ನೂ ಮತ್ತೆ ಹೇಳಬೇಕೇ?

ಪ್ರಶ್ನೆ, ಉತ್ತರ ಮತ್ತು ಮೂರು ಅಂಶಗಳನ್ನು ತಲಾ ಒಂದು ಮಾತಿನಲ್ಲಿ ಹೇಳಿ, ಪೀಠಿಕೆಯ ಸಂಗತಿಗೆ ಮರಳಿ. ಮರಳುವಾಗ ಆ ಸಂಗತಿ ಈಗ ಬೇರೆಯಾಗಿ ಕಾಣಬೇಕು: ಆರಂಭದಲ್ಲಿ 40 ಲಕ್ಷ ಡಾಲರ್ ಕೇಳುಗರಿಗೆ ವಿಚಿತ್ರವೆನಿಸಿತ್ತು, ಏಳು ನಿಮಿಷದ ನಂತರ ಅದು ಮುಂದಿನ ಬರಗಾಲಗಳ ಬೆಲೆಪಟ್ಟಿಯಂತೆ ಕಂಡರೆ ಭಾಷಣ ಕೆಲಸ ಮಾಡಿದೆ. ಹೊಸ ಆಧಾರವನ್ನು ಇಲ್ಲಿ ತರಬೇಡಿ.

## ಶೈಲಿಯನ್ನು ಕುರಿತು

ಎಷ್ಟು ಆಧಾರಗಳನ್ನು ಹೇಳಬೇಕು? ಕೆಲವರು ಹತ್ತು ಹನ್ನೆರಡು ಹೇಳುತ್ತಾರಲ್ಲ?

ಐದರಿಂದ ಏಳು ಸಾಕು. ಪತ್ರಿಕೆ ಅಥವಾ ಸಂಸ್ಥೆಯ ಹೆಸರು ಮತ್ತು ದಿನಾಂಕ ಇರಬೇಕು; ಬರೆದವರು ಆ ವಿಷಯದ ತಜ್ಞರಾಗಿದ್ದರೆ ಅವರ ಹೆಸರನ್ನೂ ಹೇಳಿ. "ತಜ್ಞರ ಪ್ರಕಾರ" ಎಂಬುದು ಆಧಾರವಲ್ಲ, ಗಾಳಿಮಾತಿಗೆ ಹಾಕಿದ ಕೋಟು. ಎಲ್ಲವನ್ನೂ ಒಂದೇ ಪತ್ರಿಕೆಯಿಂದ ತಂದರೆ ಒಂದು ಲೇಖನವನ್ನು ಒಪ್ಪಿಸಿದಂತಾಗುತ್ತದೆ.

ದಿನಾಂಕವನ್ನು ಊಹಿಸಿ ಹೇಳುವ ಅಥವಾ ಓದದ ಪತ್ರಿಕೆಯ ಹೆಸರನ್ನು ಅಂಟಿಸುವ ಚಾಳಿಯನ್ನು ಕುರಿತು ಒಂದು ಮಾತು ಹೇಳಲೇಬೇಕು. ಕಟ್ಟುಕಥೆಯ ಆಧಾರ ಸಿಕ್ಕಿಬಿದ್ದರೆ ಅನರ್ಹತೆಯವರೆಗೂ ಹೋಗಬಹುದು. ಸಿಕ್ಕಿಬೀಳದಿದ್ದರೂ ನಷ್ಟವಿದೆ: ಸುಳ್ಳು ಆಧಾರ ಹೇಳುವ ಮುನ್ನ ಸ್ಪರ್ಧಿಯ ಕಣ್ಣು ಒಂದು ಕ್ಷಣ ಮೇಲಕ್ಕೆ ಹೋಗುತ್ತದೆ, ದನಿ ತುಸು ಸಪಾಟಾಗುತ್ತದೆ. ಹತ್ತು ವರ್ಷ ಕುಳಿತು ಕೇಳಿದವರಿಗೆ ಅದು ತಿಳಿಯದೆ ಹೋಗುವುದಿಲ್ಲ. ದಿನಾಂಕ ಮರೆತಿದ್ದರೆ ತಿಂಗಳನ್ನು ಹೇಳಿ, ಅದೂ ಮರೆತಿದ್ದರೆ ಆ ಮಾಹಿತಿಯನ್ನೇ ಬಿಡಿ.

ಟಿಪ್ಪಣಿ ಇಲ್ಲದೆ ಏಳು ನಿಮಿಷ ನೆನಪಿಡುವುದು ಹೇಗೆ? ನಾನು ಬಾಯಿಪಾಠ ಮಾಡಲು ಹೋಗಿ ನಡುವೆ ನಿಂತುಬಿಟ್ಟೆ.

ಬಾಯಿಪಾಠ ಮಾಡಲು ಹೋದದ್ದರಿಂದಲೇ ನಿಂತಿರಿ. ಏಳು ನಿಮಿಷದ ಭಾಷಣ ಎಂದರೆ ನಿಮಿಷಕ್ಕೆ 150 ಪದಗಳ ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಪದಗಳು. ಅಷ್ಟನ್ನು ಹನ್ನೆರಡು ನಿಮಿಷದಲ್ಲಿ ಯಾರೂ ಕಂಠಸ್ಥ ಮಾಡಲಾರರು. ಒಂದು ಹಾಳೆಯ ಮೇಲೆ ಉತ್ತರದ ವಾಕ್ಯ, ಪ್ರತಿ ಅಂಶಕ್ಕೆ ನಾಲ್ಕೈದು ಪದ, ಅದರ ಪಕ್ಕದಲ್ಲಿ ಆಧಾರದ ಹೆಸರು ಮತ್ತು ದಿನಾಂಕ, ಇಷ್ಟೇ ಬರೆಯಿರಿ. ಅಕ್ಷರಶಃ ನೆನಪಿಡಬೇಕಾದವು ಮೂರೇ: ಚೀಟಿಯ ಪ್ರಶ್ನೆ, ನಿಮ್ಮ ಉತ್ತರ, ಪೀಠಿಕೆಯ ಮೊದಲ ವಾಕ್ಯ. ಉಳಿದದ್ದನ್ನು ಪ್ರತಿ ಸಲ ಹೊಸ ಮಾತಿನಲ್ಲಿಯೇ ಹೇಳಿಕೊಳ್ಳಿ. ಒಂದೇ ವಾಕ್ಯವನ್ನು ಹತ್ತು ಸಲ ಉರುಹೊಡೆದವರು ಒಂದು ಪದ ಜಾರಿದರೆ ಬಿದ್ದುಹೋಗುತ್ತಾರೆ. ಒಂದೇ ವಿಚಾರವನ್ನು ಮೂರು ಬಗೆಯಲ್ಲಿ ಹೇಳಿ ನೋಡಿದವರಿಗೆ ಒಂದು ದಾರಿ ಮುಚ್ಚಿದರೆ ಇನ್ನೆರಡು ತೆರೆದಿರುತ್ತವೆ. ಅಂಶಗಳು ಕಾರಣದಿಂದ ಕೂಡಿಕೊಂಡಿದ್ದರೆ ನೆನಪಿಗೆ ಬೇರೆ ಉಪಾಯ ಬೇಕಾಗುವುದಿಲ್ಲ. ಮರೆವಿನ ದೂರನ್ನು ನಾನು ಮೊದಲು ಕಟ್ಟಿನ ದೂರೆಂದೇ ಪರೀಕ್ಷಿಸುತ್ತೇನೆ.

ಮಾತಿನ ನಡುವೆ "ಯು ನೋ", "ಲೈಕ್", "ಅಂ..." ಎನ್ನುವ ಅಭ್ಯಾಸ ಬಿಡುವುದು ಹೇಗೆ?

ಈ ಪದಗಳು ಎಲ್ಲಿ ಬರುತ್ತವೆ ಎಂದು ಮೊದಲು ನೋಡಿ. ನಿಮ್ಮ ಒಂದು ಭಾಷಣವನ್ನು ಧ್ವನಿಮುದ್ರಿಸಿಕೊಂಡು, ಪ್ರತಿ "ಅಂ" ಬಂದಾಗಲೂ ಅದು ವಾಕ್ಯದ ಒಳಗೆ ಬಂತೋ ವಾಕ್ಯಗಳ ನಡುವೆ ಬಂತೋ ಗುರುತು ಹಾಕಿ. ವಾಕ್ಯದ ಒಳಗೆ ಬಂದಿದ್ದರೆ ವಾಕ್ಯ ಉದ್ದವಾಗಿದೆ, ನಡುವೆ ಬಂದಿದ್ದರೆ ಮುಂದೇನು ಎಂಬುದು ಗೊತ್ತಿಲ್ಲ. ಮೊದಲನೆಯದಕ್ಕೆ ವಾಕ್ಯವನ್ನು ತುಂಡು ಮಾಡುವುದು ಮದ್ದು. ಎರಡನೆಯದಕ್ಕೆ ಮೌನ ಮದ್ದು: ಬಾಯಿ ಮುಚ್ಚಿ, ಉಸಿರೆಳೆದು, ಆಮೇಲೆ ಹೇಳಿ. ಒಂದು ಸೆಕೆಂಡಿನ ಮೌನ ಮಾತನಾಡುವವರಿಗೆ ಯುಗದಂತೆ ತೋರುತ್ತದೆ, ಕೇಳುವವರಿಗೆ ಅದು ಯೋಚನೆಯಂತೆ ಕಾಣುತ್ತದೆ.

ಹಾಸ್ಯ ಸೇರಿಸಲೇಬೇಕೇ? ನನ್ನ ನಗೆಮಾತಿಗೆ ಯಾರೂ ನಗುವುದಿಲ್ಲ.

ಸೇರಿಸಲೇಬೇಕೆಂದಿಲ್ಲ. ಪದಚಮತ್ಕಾರಕ್ಕಿಂತ ಸಂಗತಿಯೊಳಗಿನ ವಿಪರ್ಯಾಸವನ್ನು ಎತ್ತಿ ತೋರಿಸುವುದು ಸುರಕ್ಷಿತ, ಯಾರೂ ನಗದಿದ್ದರೂ ಆ ವಾಕ್ಯ ವ್ಯರ್ಥವಾಗುವುದಿಲ್ಲ. ಸಾವು, ಯುದ್ಧ, ಹಸಿವು ಇರುವ ಪ್ರಶ್ನೆಗಳಲ್ಲಿ ನಗಿಸುವ ಗೋಜಿಗೇ ಹೋಗಬೇಡಿ.

ಕೈ ಎಲ್ಲಿಡಬೇಕು, ಯಾವಾಗ ನಡೆಯಬೇಕು?

ಎರಡು ಕಾಲಿನ ಮೇಲೆ ಸಮವಾಗಿ ನಿಂತು, ಕೈಗಳನ್ನು ಪಕ್ಕದಲ್ಲಿ ಬಿಟ್ಟು ಆರಂಭಿಸಿ; ಹೇಳುವುದಿದ್ದಾಗ ಕೈ ತಾನೇ ಏಳುತ್ತದೆ. ನಡಿಗೆ ಇರುವುದು ಸೇತುವೆಯ ವಾಕ್ಯಗಳಿಗೆ. ಮೊದಲ ಅಂಶಕ್ಕೆ ಹೋಗುವಾಗ ಒಂದು ಬದಿಗೆ ಎರಡು ಮೂರು ಹೆಜ್ಜೆ, ಎರಡನೆಯದಕ್ಕೆ ಇನ್ನೊಂದು ಬದಿಗೆ, ಮೂರನೆಯದಕ್ಕೆ ಮತ್ತೆ ಮೊದಲ ಬದಿಗೆ, ಮುಕ್ತಾಯಕ್ಕೆ ನಡುವಿಗೆ. ಕಣ್ಣಿಗೆ ಕಾಣುವ ಈ ಚಲನೆಯಿಂದ ಅಂಶ ಬದಲಾಯಿತು ಎಂಬುದು ಕಿವಿಗಿಂತ ಮೊದಲೇ ತಿಳಿಯುತ್ತದೆ. ಆಧಾರ ಹೇಳುವಾಗ ನಡೆಯಬೇಡಿ, ಅಂಕಿಅಂಶ ಕಾಲಿನ ಸದ್ದಿನಲ್ಲಿ ಕಳೆದುಹೋಗುತ್ತದೆ.

## ಪಳಗಿದವರಿಗೆ

ಒಬ್ಬ ತೀರ್ಪುಗಾರರು ಮೊದಲ ಸ್ಥಾನ ಕೊಟ್ಟರು, ಇನ್ನೊಬ್ಬರು ಐದನೆಯದು. ಯಾರನ್ನು ನಂಬಬೇಕು?

ಅಂಕಗಳ ಬದಲು ಸ್ಥಾನ ಕೊಡುವ ಪದ್ಧತಿಯಲ್ಲಿ ಇದು ಆಗಿಯೇ ಆಗುತ್ತದೆ: ಆ ಕೋಣೆಯ ಉಳಿದವರ ನಡುವೆ ನಿಮ್ಮನ್ನು ಎಲ್ಲಿ ಇಟ್ಟರು ಎಂಬುದಷ್ಟೇ ಸ್ಥಾನದಿಂದ ತಿಳಿಯುವುದು. ಸಂಖ್ಯೆಯನ್ನು ಬಿಟ್ಟು ಟಿಪ್ಪಣಿಗಳನ್ನು ಓದಿ. ಇಬ್ಬರೂ ಬೇರೆ ಬೇರೆ ಮಾತಿನಲ್ಲಿ ಒಂದೇ ದೋಷವನ್ನು ಹೇಳುತ್ತಿರುವುದು ಎಷ್ಟೋ ಸಲ ಕಾಣುತ್ತದೆ. ಹವ್ಯಾಸಿ ತೀರ್ಪುಗಾರರು "ತುಂಬ ವೇಗ" ಎಂದು ಬರೆದ ಕಡೆ ಅನುಭವಿ ತೀರ್ಪುಗಾರರು "ವಿಶ್ಲೇಷಣೆ ತೆಳುವಾಗಿದೆ" ಎಂದು ಬರೆದಿರುತ್ತಾರೆ. ವಿಶ್ಲೇಷಣೆ ತೆಳುವಾದಾಗ ಮಾಹಿತಿ ತುಂಬುತ್ತೀರಿ, ಮಾಹಿತಿ ತುಂಬಿದಾಗ ಓಡುತ್ತೀರಿ.

ಎಲ್ಲ ವಿಷಯಗಳಿಗೂ ಹೊಂದುವ ಪೀಠಿಕೆಗಳನ್ನು ಮೊದಲೇ ಸಿದ್ಧ ಮಾಡಿ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳುವವರಿದ್ದಾರೆ, ಗೆಲ್ಲುವವರೂ ಇದ್ದಾರೆ. ಆದರೂ ನಾನು ಬೇಡವೆನ್ನುತ್ತೇನೆ. ಒಂದು ಟೂರ್ನಮೆಂಟ್‌ನಲ್ಲಿ ಬೆಳಗಿನ ಸುತ್ತಿನಲ್ಲಿ ಬ್ಯಾಂಕ್ ಬಡ್ಡಿದರದ ಪ್ರಶ್ನೆಗೆ ಹೇಳಿದ್ದ ಅದೇ ಬಾಲ್ಯದ ಆಟಿಕೆಯ ಕಥೆಯನ್ನು ಒಬ್ಬ ಸ್ಪರ್ಧಿ ಮಧ್ಯಾಹ್ನ ಚುನಾವಣೆಯ ಪ್ರಶ್ನೆಗೂ ಹೇಳಿದ. ಅವನ ದುರದೃಷ್ಟಕ್ಕೆ ಎರಡೂ ಕೋಣೆಗಳಲ್ಲಿ ನಾನೇ ಇದ್ದೆ. ಕಥೆ ಚೆನ್ನಾಗಿಯೇ ಇತ್ತು, ಆದರೆ ಎರಡನೆಯ ಸಲ ಕೇಳಿದ ಮೇಲೆ ಆ ಭಾಷಣದ ಉಳಿದ ಯಾವ ಮಾತೂ ಆ ಕ್ಷಣದಲ್ಲಿ ಹುಟ್ಟಿದ್ದೆಂದು ನನಗೆ ಅನಿಸಲಿಲ್ಲ. ಸಿದ್ಧ ಕಥೆಗಳ ಬದಲು ಸಂಗತಿಗಳನ್ನು ಕೂಡಿಡಿ: ಓದುವಾಗ ಕಣ್ಣಿಗೆ ಬಿದ್ದ ವಿಚಿತ್ರ ಅಂಕಿ, ಯಾರೋ ಮಂತ್ರಿ ಹೇಳಿ ಹಿಂತೆಗೆದುಕೊಂಡ ಮಾತು, ಹರಾಜಿನಲ್ಲಿ ಸರದಿ ಕೊಂಡ ಹಡಗು. ಅವುಗಳನ್ನು ದೇಶವಾರು ಬರೆದಿಟ್ಟರೆ ಚೀಟಿ ಕೈಗೆ ಬಂದಾಗ ಒಂದಾದರೂ ಒದಗುತ್ತದೆ.

ಅಂತಿಮ ಸುತ್ತಿನಲ್ಲಿ ಇನ್ನೊಬ್ಬ ಸ್ಪರ್ಧಿ ಪ್ರಶ್ನೆ ಕೇಳುತ್ತಾರಂತೆ. ಅದಕ್ಕೆ ತಯಾರಿ ಹೇಗೆ?

ಎಲ್ಲ ಕಡೆಯೂ ಇಲ್ಲ, ಕೆಲವು ಟೂರ್ನಮೆಂಟ್‌ಗಳ ಅಂತಿಮ ಸುತ್ತಿನಲ್ಲಿ ಇದೆ. ಸಿದ್ಧತೆಯ ಸಮಯದಲ್ಲಿಯೇ ನಿಮ್ಮ ಉತ್ತರದ ದುರ್ಬಲ ಮೂಲೆಯನ್ನು ಗುರುತಿಸಿಟ್ಟುಕೊಳ್ಳಿ. ಪನಾಮಾದ ಭಾಷಣದಲ್ಲಿ ಅದು ಸ್ಪಷ್ಟ: ಬರ ಮುಗಿದು ಮಳೆ ಬಂದು ಹಡಗುಗಳ ಸಂಖ್ಯೆ ಮತ್ತೆ ಏರಿದ ಮೇಲೆ ಬಿಕ್ಕಟ್ಟು ಎಲ್ಲಿದೆ ಎಂದು ಕೇಳುತ್ತಾರೆ. ಆಗ ಹಿಂದೆ ಸರಿಯದೆ, ಮಳೆ ಬಂದಾಗ ಸಂಚಾರ ಏರಿ, ಮಳೆ ನಿಂತಾಗ ಇಳಿಯುವ ಕಾಲುವೆಗೆ ಶಾಶ್ವತ ಪರಿಹಾರ ಸಿಕ್ಕಿದೆ ಎನ್ನಲಾಗದು ಎಂದು ಎರಡೇ ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಪ್ರಶ್ನೆ ಕೇಳುವ ಸರದಿ ನಿಮ್ಮದಾದಾಗ ಭಾಷಣದಲ್ಲಿ ಇಲ್ಲದ್ದನ್ನು ಕೆದಕುವ ಬದಲು ಇದ್ದ ಎರಡು ಮಾತುಗಳ ನಡುವಿನ ಬಿರುಕನ್ನು ತೋರಿಸಿ. ತೀರ್ಪುಗಾರರು ಕೇಳಿಸಿಕೊಂಡಿರುವುದು ಅದನ್ನೇ ಆದ್ದರಿಂದ ಅವರಿಗೂ ಕಾಣುತ್ತದೆ.

ಕೋಚ್ ಇಲ್ಲದೆ ಒಬ್ಬನೇ ಅಭ್ಯಾಸ ಮಾಡುವುದು ಹೇಗೆ?

ಸಿದ್ಧತೆಯಿಲ್ಲದೆ ಮಾತನಾಡುವ ಸಾಮರ್ಥ್ಯವೇ ಕಲಿಕೆಯ ಅತಿ ದೊಡ್ಡ ಫಲ ಎಂದು ಮೊದಲ ಶತಮಾನದ ರೋಮ್‌ನಲ್ಲಿ ವಾಕ್ಕಲೆ ಕಲಿಸುತ್ತಿದ್ದ ಕ್ವಿಂಟಿಲಿಯನ್ ಬರೆದಿದ್ದಾನೆ. ಫಲ ಎಂಬ ಪದವನ್ನು ಗಮನಿಸಿ. ಅದಕ್ಕೆ ಮೊದಲು ದಿನನಿತ್ಯದ ಓದು ಇರಬೇಕು, ಅದನ್ನು ತಪ್ಪಿಸಿಕೊಳ್ಳುವ ಹಾದಿ ನನಗೆ ಇದುವರೆಗೆ ಸಿಕ್ಕಿಲ್ಲ.

ಓದಿನ ಆಚೆಗೆ, ಪೂರ್ತಿ ಭಾಷಣವನ್ನು ವಾರಕ್ಕೆ ಎರಡು ಸಲ ಮಾಡಿದರೆ ಸಾಕು. ಬಿಡಿ ಭಾಗಗಳನ್ನು ದಿನವೂ ಮಾಡಿ. ಒಂದು ದಿನ ಹತ್ತು ಪ್ರಶ್ನೆಗಳನ್ನು ಬರೆದುಕೊಂಡು ಹತ್ತಕ್ಕೂ ಒಂದೊಂದು ವಾಕ್ಯದ ಉತ್ತರ ಬರೆಯಿರಿ, ಮುಂದಕ್ಕೆ ಹೋಗಬೇಡಿ. ಇನ್ನೊಂದು ದಿನ ಒಂದೇ ಪ್ರಶ್ನೆಗೆ ಮೂರು ಬೇರೆ ಬೇರೆ ಪೀಠಿಕೆಗಳನ್ನು ಹೇಳಿ. ಮತ್ತೊಂದು ದಿನ ಹಳೆಯ ಭಾಷಣದ ಧ್ವನಿಮುದ್ರಣವನ್ನು ಕೇಳುತ್ತ, ಕೇಳಿಸಿದ್ದನ್ನು ಮಾತ್ರ ಹಾಳೆಯ ಮೇಲೆ ಒಂದು ನಕ್ಷೆಯಾಗಿ ಬರೆಯಿರಿ, ಮನಸ್ಸಿನಲ್ಲಿದ್ದದ್ದನ್ನು ಬರೆಯಬೇಡಿ. ನಂತರ ಅದನ್ನು ಸಿದ್ಧತೆಯ ಹಾಳೆಯ ಪಕ್ಕದಲ್ಲಿ ಇಟ್ಟು ನೋಡಿ. ಹೇಳಿದ್ದೇನೆಂದು ನೀವು ನಂಬಿದ್ದ ಮೂರನೆಯ ಅಂಶ ಕೇಳಿಸಿದ ನಕ್ಷೆಯಲ್ಲಿ ಇಲ್ಲದಿರಬಹುದು, ಅಥವಾ ಎರಡನೆಯದರ ಬಾಲವಾಗಿ ಅಂಟಿಕೊಂಡಿರಬಹುದು. ಮರುದಿನ ಅಭ್ಯಾಸ ಮಾಡಬೇಕಾದದ್ದು ಆ ಜಾಗವನ್ನು ಮಾತ್ರ: ಆ ಎರಡು ಅಂಶಗಳ ನಡುವಿನ ಸೇತುವೆಯ ವಾಕ್ಯವನ್ನು ಐದು ಬಗೆಯಲ್ಲಿ ಬರೆದು, ಎದ್ದು ನಿಂತು, ಎರಡು ಹೆಜ್ಜೆ ನಡೆಯುತ್ತ ಹೇಳಿ.